ಉಳಿಸು, ಅಳಿಸು

ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬ ಎಲ್ಲಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಯಾರ ಮನೆಗೆ ಹೋದರೂ ಸಾಸಿವೆ, ಮೆಣಸು, ಉದ್ದಿನಬೇಳೆ ಒಲೆಯ ಹತ್ತಿರ ಕೈಗೆಟಕುವಂತಿರುತ್ತವೆ. ಹಬ್ಬಕ್ಕೊಮ್ಮೆ ಬೇಕಾಗುವ ಏಲಕ್ಕಿ, ಕೇಸರಿ ಮೇಲಿನ ಸಾಲಿನಲ್ಲಿ. ಹಾಗೆ ಇಟ್ಟವಳು ಆ ಅಡುಗೆಮನೆಯಲ್ಲಿ ದಿನವೂ ದುಡಿಯುವವಳು. ಹೊಸದಾಗಿ ಬಂದ ಸೊಸೆಗೆ ಅಡುಗೆ ಎಷ್ಟೇ ಚೆನ್ನಾಗಿ ಬರಲಿ, ಮೊದಲ ಒಂದು ತಿಂಗಳು ಕೈ ತಡವರಿಸುತ್ತದೆ. ಡಬ್ಬಗಳ ಜಾಗವನ್ನು ಬೇರೆ ಯಾರೋ ಗೊತ್ತುಮಾಡಿ ಆಗಿದೆಯಲ್ಲ!

ಯಂತ್ರದ ಮುಂದೆ ಕೂತ ಕನ್ನಡದ ಕಥೆಯೂ ಬಹುಮಟ್ಟಿಗೆ ಈ ಸೊಸೆಯ ಕಥೆಯೇ. ಕೀಲಿಗಳ ಜಾಗ ಗೊತ್ತಾದದ್ದು ಅಮೆರಿಕದಲ್ಲಿ. ಮಿಲ್ವಾಕಿ ಎಂಬ ಊರಿನ ಕ್ರಿಸ್ಟಫರ್ ಲೇಥಮ್ ಶೋಲ್ಸ್ ಎಂಬಾತ ಗೆಳೆಯರೊಡನೆ ಸೇರಿ 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದ. ಬಂದೂಕು, ಹೊಲಿಗೆಯಂತ್ರ ಮಾಡುತ್ತಿದ್ದ ರೆಮಿಂಗ್ಟನ್ ಕಂಪೆನಿ 1874ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಇಂಗ್ಲಿಷಿನ ಅಕ್ಷರಗಳು ಆಗ ಯಾವ ಸಾಲಿನಲ್ಲಿ ಕೂತವೋ ಬಹುಮಟ್ಟಿಗೆ ಅದೇ ಸಾಲಿನಲ್ಲಿ ಇಂದಿಗೂ ನಮ್ಮ ಮೊಬೈಲಿನಲ್ಲಿ ಕೂತಿವೆ. ಇಪ್ಪತ್ತಾರು ಅಕ್ಷರದ ಭಾಷೆಗೆಂದು ಮಾಡಿದ ಮಣೆಯ ಮೇಲೆ ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಇವೆಲ್ಲ ಕೂರಬೇಕು. ಎಲ್ಲಿ ಕೂರಬೇಕು, ಯಾರು ಕೂರಿಸಬೇಕು?

ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಗಳನ್ನು ಹೊಂದಿಸಿದವರೆಂದು ಅನಂತಸುಬ್ಬರಾಯರ ಹೆಸರನ್ನು ನಾವು ನೆನೆಯಬೇಕು. ಸಣ್ಣ ಕೆಲಸವಲ್ಲ ಅದು. ಯಂತ್ರಕ್ಕೆ ಉಚ್ಚಾರಣೆ ತಿಳಿಯದು, ಆಕಾರ ಮಾತ್ರ ತಿಳಿಯುತ್ತದೆ. ಆದ್ದರಿಂದ ಅಕ್ಷರವನ್ನು ತುಂಡು ಮಾಡಿ, ಮೈಯನ್ನು ಒಂದು ಕೀಲಿಯಲ್ಲಿ, ಗುಣಿತದ ಚಿಹ್ನೆಯನ್ನು ಇನ್ನೊಂದು ಕೀಲಿಯಲ್ಲಿ, ಒತ್ತನ್ನು ಮತ್ತೊಂದರಲ್ಲಿ ಇಟ್ಟು, ಹೊಡೆಯುವವರು ಕಾಗದದ ಮೇಲೆ ಜೋಡಿಸಿಕೊಳ್ಳಬೇಕು.

ಆ ಜೋಡಣೆಯನ್ನು ಕಲಿತವರಲ್ಲಿ ನನ್ನ ಅಕ್ಕ ಒಬ್ಬಳು. ಎಂಬತ್ತರ ದಶಕದಲ್ಲಿ ಹತ್ತನೆಯ ತರಗತಿ ಮುಗಿಸಿದ ನಮ್ಮ ಕಡೆಯ ಹುಡುಗಿಯರಿಗೆ ಎರಡು ದಾರಿಗಳಿದ್ದವು: ಹೊಲಿಗೆ, ಇಲ್ಲವೆ ಟೈಪಿಂಗ್. ಮಟ್ಟುವಿನಿಂದ ಕಟಪಾಡಿಯವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಉಡುಪಿಗೆ ಹೋಗಿ, ಇಂಗ್ಲಿಷ್ ಲೋವರ್, ಕನ್ನಡ ಲೋವರ್, ಆಮೇಲೆ ಹೈಯರ್ ಎಂದು ಪಾಸು ಮಾಡಿದಳು. ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅವಳ ಬೆರಳುಗಳು ಕೀಲಿಗಳನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ಮಳೆ ನೋಡುತ್ತ, ಪಕ್ಕದವರೊಡನೆ ಮಾತಾಡುತ್ತ ಸಾಲು ಸಾಲು ಹೊಡೆಯುವಳು. ನಮ್ಮ ಮನೆಯಲ್ಲಿ ಸಂಬಳ ಎಂಬ ಶಬ್ದವನ್ನು ಮೊದಲು ತಂದ ಹೆಂಗಸು ಅವಳೇ.

2000ದ ನಂತರ ಆ ಕಚೇರಿಗೆ ಕಂಪ್ಯೂಟರ್ ಬಂತು. ಹಳೆಯ ಟೈಪ್‌ರೈಟರಿನ ಕ್ರಮವನ್ನೇ ಉಳಿಸಿಕೊಟ್ಟ ಕನ್ನಡ ಪ್ರೋಗ್ರಾಮುಗಳು ಆಗಲೇ ಪೇಟೆಯಲ್ಲಿದ್ದವು. ಅಕ್ಕನ ಕಚೇರಿಗೆ ಬಂದದ್ದು ಬೇರೆ ಕ್ರಮದ್ದು. ಇಪ್ಪತ್ತು ವರ್ಷ ಬೆರಳಿನಲ್ಲಿ ಕೂತಿದ್ದ ವಿದ್ಯೆ ಒಂದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಾರದ್ದಾಯಿತು. ಮೊನ್ನೆ ಮೊನ್ನೆ ಸೇರಿದ ಹುಡುಗರು ಅವಳಿಗಿಂತ ವೇಗವಾಗಿ ಒತ್ತುತ್ತಿದ್ದರು. ಅಕ್ಕ ಅತ್ತದ್ದನ್ನು ನಾನು ನೋಡಿಲ್ಲ. "ನನ್ನ ಕೈ ನನ್ನದಲ್ಲದ ಹಾಗೆ ಆಯ್ತು ಮಾರಾಯ್ತಿ" ಎಂದಳು, ಅಷ್ಟೆ. ಅವಳು ಆ ಹೊಸ ಕ್ರಮವನ್ನೂ ಕಲಿತಳು ಎನ್ನಿ. ಆದರೆ ಕಿಟಕಿಯಾಚೆ ನೋಡುತ್ತ ಹೊಡೆಯುವ ಸುಖ ಮತ್ತೆ ಬರಲಿಲ್ಲ.

ಆ ಹೊಸ ಕ್ರಮದ ಮೂಲ ಹುಡುಕಿದರೆ ಅದೂ ನಮ್ಮ ಕರಾವಳಿಗೇ ಬಂದು ನಿಲ್ಲುತ್ತದೆ! ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್, ಅಂದರೆ ಪದ್ಮನಾಭ ರಾಯರು, ಮುದ್ರಣಯಂತ್ರಗಳ ಮೋನೋಟೈಪ್ ಕಂಪೆನಿಯಲ್ಲಿ ದುಡಿದವರು, ಮಣಿಪಾಲದಲ್ಲಿ ಪಾಠ ಹೇಳಿದವರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಅವರು ಮಾಡಿದ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪು ಅದು. ಯಂತ್ರಕ್ಕೆ ವೈಯಾಕರಣನ ಹೆಸರಿಟ್ಟವರು ಎಷ್ಟು ಜನ ಸಿಕ್ಕಾರು?

ರಾಯರ ಯೋಚನೆಯೂ ವ್ಯಾಕರಣದ್ದೇ. ನಾವು ಅಕ್ಷರವನ್ನು ತುಂಡು ಮಾಡಿ ಬರೆಯುವುದಿಲ್ಲ, ಧ್ವನಿಯಾಗಿ ಹೇಳುತ್ತೇವೆ. ಹಾಗಾದರೆ ಕೀಲಿಯೂ ಧ್ವನಿಯನ್ನೇ ಹಿಡಿಯಲಿ, ಆಕಾರದ ಕೆಲಸ ಯಂತ್ರ ನೋಡಿಕೊಳ್ಳಲಿ. ಇಂಗ್ಲಿಷಿನ ಕೆ ಒತ್ತಿದರೆ ಕ, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಖ. ಮುಂದೆ ಐ ಒತ್ತಿದರೆ ಕಿ. ಇಂಗ್ಲಿಷಿನಲ್ಲಿ ಟ-ತ, ಡ-ದಗಳ ಭೇದವಿಲ್ಲದ್ದರಿಂದ ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಶಾಲೆಯಲ್ಲಿ ನಾವು ‘ಕ್ + ಕ = ಕ್ಕ’ ಎಂದು ಹಲಗೆಯ ಮೇಲೆ ಬರೆಯುವ ಲೆಕ್ಕವೇ ಇದು. ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ‘ನುಡಿ’ಯನ್ನು ತಯಾರಿಸಿದಾಗ ಈ ಕ್ರಮವೇ ನಾಡಿನ ಕಚೇರಿಗಳಿಗೆಲ್ಲ ಬಂತು. ಅತ್ತ ಕೇಂದ್ರ ಸರಕಾರ ಎಂಬತ್ತರ ದಶಕದಲ್ಲಿ ‘ಇನ್‌ಸ್ಕ್ರಿಪ್ಟ್’ ಎಂಬ ಇನ್ನೊಂದು ಕ್ರಮ ತಂದಿತ್ತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಹಿಂದಿಯ ಕ ಎಲ್ಲಿದೆಯೋ ಕನ್ನಡದ ಕ ಕೂಡ ಅಲ್ಲೇ. ಒಂದನ್ನು ಕಲಿತರೆ ಭಾರತದ ಎಷ್ಟೋ ಲಿಪಿಗಳು ಬಂದ ಹಾಗೆ. ಎರಡಕ್ಕೂ ಅದರದರ ನ್ಯಾಯವಿದೆ.

ಇಂದು ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಕಂಪ್ಯೂಟರನ್ನು ತೆರೆದು ಕೀಲಿಮಣೆಗಳ ಪಟ್ಟಿ ನೋಡಿದರೂ ಅಲ್ಲಿ ‘ಕಗಪ’ ಎಂಬ ಹೆಸರಿದೆ. ಕನ್ನಡ ಗಣಕ ಪರಿಷತ್ತಿನ ಮೊದಲ ಅಕ್ಷರಗಳು ಅವು. ವಿಶೇಷವೆಂದರೆ ಆ ಹೆಸರು ಕನ್ನಡದ ಎದುರು ಮಾತ್ರ ಇಲ್ಲ. ಹಿಂದಿ, ಸಂಸ್ಕೃತ, ಮರಾಠಿ, ತೆಲುಗಿನ ಎದುರೂ ಇದೆ. ಅಕ್ಕನ ಮಗ ಇದನ್ನು ತೋರಿಸಿದಾಗ ನನಗೆ ನಮ್ಮ ಮಟ್ಟುಗುಳ್ಳವನ್ನು ದೂರದೂರಿನ ಪೇಟೆಯಲ್ಲಿ ಕಂಡಷ್ಟೇ ಸಂತೋಷವಾಯಿತು.

ಕೀಲಿಮಣೆಯ ವಿಷಯ ಇಷ್ಟಾಯಿತು. ಪರದೆಯ ಮೇಲಿನ ಕಥೆ ಬೇರೆ. ನಾವು ಒತ್ತುವ ಗುಂಡಿ, ತುಂಬುವ ಚೌಕ, ಮೇಲಿನಿಂದ ಇಳಿಯುವ ಪಟ್ಟಿ ಇವನ್ನೆಲ್ಲ ಪ್ರತಿಯೊಬ್ಬ ಪ್ರೋಗ್ರಾಮರನೂ ಹೊಸದಾಗಿ ಮಾಡುವುದಿಲ್ಲ. ಅಚ್ಚಿನಲ್ಲಿ ಸಿದ್ಧವಾದ ಬಾಗಿಲು-ಕಿಟಕಿಗಳನ್ನು ತಂದು ಮನೆಗೆ ಕೂರಿಸುವ ಹಾಗೆ, ಸಿದ್ಧ ಭಾಗಗಳ ಪೆಟ್ಟಿಗೆಯೊಂದರಿಂದ ತೆಗೆದು ಕೂರಿಸುತ್ತಾರೆ. ಆ ಒಂದೊಂದು ಭಾಗಕ್ಕೂ ವಿಜೆಟ್ ಎಂದು ಹೆಸರು, ಪೆಟ್ಟಿಗೆಗೆ ಟೂಲ್‌ಕಿಟ್. ಅಂಥ ಪೆಟ್ಟಿಗೆಗಳಲ್ಲಿ ಹೆಸರಾದದ್ದೊಂದು ಜಿಟಿಕೆ. ತೊಂಬತ್ತರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ‘ಗಿಂಪ್’ ಎಂಬ ತಂತ್ರಾಂಶ ಬರೆಯುತ್ತ, ಅದರ ಗುಂಡಿಗಳಿಗಾಗಿ ಇದನ್ನು ಮಾಡಿಕೊಂಡರು. 1997ರಲ್ಲಿ ಆರಂಭವಾದ ‘ಗ್ನೋಮ್’ ಯೋಜನೆ ಇಡೀ ಪರದೆಯನ್ನೇ ಅದರಿಂದ ಕಟ್ಟಿತು. 2002ರ ಎರಡನೆಯ ಆವೃತ್ತಿಯೊಡನೆ ‘ಪ್ಯಾಂಗೊ’ ಎಂಬ ಭಾಗ ಸೇರಿ, ಒತ್ತು-ಗುಣಿತಗಳಿರುವ ನಮ್ಮಂಥ ಲಿಪಿಗಳನ್ನೂ ಗುಂಡಿಯ ಮೇಲೆ ಬರೆಯಲು ಹಾದಿಯಾಯಿತು. ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಕಳೆದ ದಶಕದಲ್ಲಿ ನಡೆದ ತರಬೇತಿಗಳಲ್ಲಿ ಕಲಿಸಿದ ಉಬುಂಟು ನಿಂತದ್ದೂ ಇದರ ಮೇಲೆಯೇ. ಹಾಗಾಗಿ ಬಿಎ ಬಿಎಡ್ ಓದಿದ ನನ್ನಂಥವಳೂ ಇದನ್ನು ಮುಟ್ಟುವಂತಾಯಿತು.

ಇಲ್ಲಿ ಅನುವಾದಕರ ಕಷ್ಟ ಕೇಳಿ. ಮೌಸ್ ಹಿಡಿಯದೆ ಬೆರಳಿನಿಂದಲೇ ಕೆಲಸ ಮುಗಿಸಲು ಶಾರ್ಟ್‌ಕಟ್ ಕೀಲಿಗಳುಂಟಲ್ಲ? ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಕತ್ತರಿಸು, ಸಿ ಒತ್ತಿದರೆ ನಕಲಿಸು, ವಿ ಒತ್ತಿದರೆ ಅಂಟಿಸು. ಕತ್ತರಿಸಿ ಅಂಟಿಸುವ ಈ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲಿ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಮುಖ್ಯರು. ಅವರು 2020ರಲ್ಲಿ ತೀರಿಕೊಂಡರು. ಈ ಅಕ್ಷರಗಳು ಬಳಕೆಗೆ ಬಂದದ್ದು ಆಮೇಲೆ, ಆಪಲ್ ಕಂಪೆನಿಯ ಯಂತ್ರಗಳಲ್ಲಿ. ಮೂರೂ ಕೆಳಸಾಲಿನಲ್ಲಿ ಒಂದರ ಪಕ್ಕ ಒಂದು, ಎಡಗೈಗೆ ಸುಲಭ. ಎಕ್ಸ್ ಕತ್ತರಿಯ ಹಾಗೂ ಕಾಣುತ್ತದೆ. ಇದಲ್ಲದೆ ಮೆನುವಿನ ಪ್ರತಿ ಪದದಲ್ಲೂ ಒಂದು ಅಕ್ಷರಕ್ಕೆ ಅಡಿಗೆರೆ ಇರುತ್ತದೆ. ಆಲ್ಟ್ ಹಿಡಿದು ಆ ಅಕ್ಷರ ಒತ್ತಿದರೆ ಮೆನು ತೆರೆಯುತ್ತದೆ.

‘ಫೈಲ್’ ಎಂಬುದನ್ನು ‘ಕಡತ’ ಎಂದು ಅನುವಾದಿಸಿದರೆ ಅಡಿಗೆರೆ ಯಾವುದಕ್ಕೆ ಹಾಕುವುದು? ಕ ಎಂಬುದಕ್ಕೆ ಹಾಕಿದರೆ, ಕೀಲಿಮಣೆ ಇಂಗ್ಲಿಷಿನಲ್ಲಿರುವಾಗ ಕ ಎಂಬ ಕೀಲಿಯೇ ಇಲ್ಲ. ‘ಸಂಪಾದನೆ’ಯ ಸಂ ಒಂದೇ ಒತ್ತಿಗೆ ಬರುವಂಥದಲ್ಲ. ‘ವ್ಯವಸ್ಥೆ’ಯ ಅಡಿಗೆ ಗೆರೆ ಹಾಕಿದರೆ ಗೆರೆ ಯಾವುದು, ಒತ್ತು ಯಾವುದು? ಇಂಗ್ಲಿಷಿನ ಅಕ್ಷರಗಳ ಪಾದದಡಿ ಜಾಗ ಖಾಲಿ. ನಮ್ಮಲ್ಲಿ ಅಲ್ಲೇ ಸಂಸಾರವಿದೆ. ಕೊನೆಗೆ ಕನ್ನಡದ ಅನುವಾದಕರು ಒಂದು ರಾಜಿ ಮಾಡಿಕೊಂಡರು. ‘ಕಡತ’ ಎಂದು ಬರೆದು, ಪಕ್ಕದಲ್ಲಿ ಆವರಣದೊಳಗೆ ಇಂಗ್ಲಿಷಿನ ಎಫ್ ಅಕ್ಷರ ಇಟ್ಟು, ಅಡಿಗೆರೆಯನ್ನು ಅದಕ್ಕೆ ಹಾಕಿದರು. ಚೀನೀ, ಜಪಾನೀ ಭಾಷೆಯವರೂ ಹೀಗೆಯೇ ಮಾಡಿದ್ದಾರೆ. ನೋಡಲು ಚೆಂದವಿಲ್ಲ. ಕೆಲಸ ಮಾತ್ರ ನಡೆಯುತ್ತದೆ.

ಇನ್ನೊಂದು ತೊಡಕನ್ನು ಯಾವ ಪರದೇಶದ ಎಂಜಿನಿಯರನೂ ಊಹಿಸಿರಲಾರ. ಇಂಗ್ಲಿಷಿನ ‘ಸೇವ್’ ಮತ್ತು ‘ಡಿಲೀಟ್’ ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಕನ್ನಡದಲ್ಲಿ ಒಂದು ‘ಉಳಿಸು’, ಇನ್ನೊಂದು ‘ಅಳಿಸು’. ನಡುವೆ ಒಂದೇ ಅಕ್ಷರದ ಅಂತರ. ‘ಅಳಿವು ಉಳಿವು’ ಎಂದು ಜೋಡಿಯಾಗಿ ಹೇಳುವ ನಮ್ಮ ಭಾಷೆಯ ಸೊಗಸು, ಸಣ್ಣ ಗುಂಡಿಯ ಮೇಲೆ ಬಂದಾಗ ಗಂಡಾಂತರವಾಗುತ್ತದೆ.

ನನ್ನ ಕಿರಿಯ ಸಹೋದ್ಯೋಗಿ ಒಬ್ಬಳು ಒಂದು ಸಂಜೆ ನಲವತ್ತಮೂರು ಮಕ್ಕಳ ಅಂಕಗಳನ್ನು ಒಂದು ಪ್ರೋಗ್ರಾಮಿನಲ್ಲಿ ತುಂಬಿಸಿದಳು. ಮರುದಿನ ಬೆಳಿಗ್ಗೆಗೆ ಅದು ಮೇಲಿನವರಿಗೆ ತಲುಪಬೇಕಿತ್ತು. ಕೊನೆಯಲ್ಲಿ ಎರಡು ಗುಂಡಿಗಳು, ಎರಡೂ ಬೂದು ಬಣ್ಣ, ಎರಡೂ ಒಂದೇ ಅಳತೆ, ಅಕ್ಷರಗಳು ಸಾಸಿವೆಯಷ್ಟು. ಉಳಿಸು. ಅಳಿಸು. ಬೆರಳು ಪಕ್ಕದ್ದಕ್ಕೆ ಹೋಯಿತು. ‘ಖಂಡಿತವೇ?’ ಎಂದು ಕೇಳುವ ಸೌಜನ್ಯವೂ ಆ ಪ್ರೋಗ್ರಾಮಿಗೆ ಇರಲಿಲ್ಲ. ಮನೆಯಲ್ಲಿ ಜ್ವರದ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದ ಆಕೆ ರಾತ್ರಿ ಒಂಬತ್ತರವರೆಗೆ ಕೂತು ಎಲ್ಲವನ್ನೂ ಮತ್ತೆ ತುಂಬಿಸಿದಳು. "ಕಣ್ಣು ಬಿಟ್ಟು ನೋಡಬಾರದಿತ್ತೇ ಟೀಚರೇ?" ಎಂದು ಕೇಳಿದವರಿದ್ದರು. ಆ ಪ್ರಶ್ನೆಯನ್ನು ಗುಂಡಿ ಮಾಡಿದವರಿಗೆ ಯಾರೂ ಕೇಳಲಿಲ್ಲ.

ಇದನ್ನು ಮಣಿಪಾಲದಲ್ಲಿ ಕೆಲಸ ಮಾಡುವ ಅಕ್ಕನ ಮಗನಿಗೆ ಹೇಳಿದೆ. "ಚಿಕ್ಕಮ್ಮ, ಇದಕ್ಕೆ ಜಿಟಿಕೆಯಲ್ಲಿ ಪರಿಹಾರ ಉಂಟು" ಎಂದ. ಅಪಾಯದ ಗುಂಡಿ ಎಂದು ಒಂದು ಮಾತು ಬರೆದರೆ ಆ ಗುಂಡಿ ಕೆಂಪಾಗುತ್ತದೆ, ಮಾಡಬಹುದಾದ ಒಳ್ಳೆಯ ಕೆಲಸ ಎಂದು ಬರೆದರೆ ನೀಲಿ. ಪ್ರೋಗ್ರಾಮು ಮಾಡುವವನಿಗೆ ಒಂದು ಸಾಲಿನ ಕೆಲಸ ಅದು. ಆದರೆ ಅಳಿಸು-ಉಳಿಸು ಒಂದೇ ಹಾಗೆ ಕಾಣುತ್ತವೆ ಎಂದು ಅವನಿಗೆ ಹೊಳೆಯಬೇಕಲ್ಲ? ಕನ್ನಡದ ಗುಂಡಿಯನ್ನು ಕನ್ನಡದಲ್ಲಿ ಓದಿ ನೋಡಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಇದಕ್ಕಿಂತ ಮುಂದಿನ ವಿಷಯ ಅವನು ತೋರಿಸಿದ್ದು. 2011ರಲ್ಲಿ ಜಿಟಿಕೆಯ ಮೂರನೆಯ ಆವೃತ್ತಿ ಬಂದಾಗ, ಗುಂಡಿಗಳ ಬಣ್ಣ, ಅಳತೆ, ಅಂಚುಗಳನ್ನೆಲ್ಲ ಸಿಎಸ್‌ಎಸ್ ಎಂಬ ಸರಳ ಬರವಣಿಗೆಯಲ್ಲಿ ಬರೆಯುವಂತೆ ಮಾಡಿದರು. ನಮ್ಮ ಸ್ವಂತ ಫೋಲ್ಡರಿನಲ್ಲಿ ‘ಜಿಟಿಕೆ ಡಾಟ್ ಸಿಎಸ್‌ಎಸ್’ ಎಂಬ ಕಡತ ಇಟ್ಟು, ಗುಂಡಿ ಎಂದು ಬರೆದು, ಆವರಣದೊಳಗೆ ಬೇಕಾದ ಅಳತೆ ಹೇಳಿದರೆ ನಮ್ಮ ಪರದೆಗೆ ಅದು ಅನ್ವಯವಾಗುತ್ತದೆ. ಕಂಪೆನಿಯವರನ್ನು ಕೇಳಬೇಕಾಗಿಲ್ಲ.

ನನ್ನ ದೂರು ‘ಸ್ತ್ರೀ’ ಎಂಬ ಪದದ್ದು. ಗುಂಡಿಯ ಎತ್ತರ ಇಂಗ್ಲಿಷಿನ ಅಳತೆಗೆ ಗಿಡ್ಡವಾಗಿದ್ದರೆ, ಕೆಳಗಿರುವ ತಕಾರ ರಕಾರಗಳು ಅಂಚಿನಲ್ಲಿ ತುಂಡಾಗಿ ‘ಸೀ’ ಎಂದಷ್ಟೇ ಉಳಿಯುತ್ತದೆ. ಲಿಂಗ ಎಂಬ ಕಾಲಮಿನಲ್ಲಿ ಪುರುಷ ಪೂರ್ತಿ ಕಾಣುತ್ತಾನೆ, ಸ್ತ್ರೀಯ ಕಾಲು ಕತ್ತರಿಸಿರುತ್ತದೆ! ಸ್ಟಾಫ್ ರೂಮಿನಲ್ಲಿ ನಾವು ನಕ್ಕದ್ದುಂಟು. ಹೊಸದಾಗಿ ಓದು ಕಲಿಯುವ ಮಗು ಅದನ್ನು ನೋಡಿದರೆ ನಗುವ ವಿಷಯವಲ್ಲ. ಅಕ್ಕನ ಮಗ ಐದು ಸಾಲು ಬರೆದ. ಗುಂಡಿಯ ಮೇಲೆ ಕೆಳಗೆ ಸ್ವಲ್ಪ ಜಾಗ, ಅಕ್ಷರದ ಅಳತೆ ದೊಡ್ಡದು. ಮುಚ್ಚಿ ತೆರೆದಾಗ ಸ್ತ್ರೀ ಪೂರ್ತಿ ನಿಂತಿದ್ದಳು. ಐವತ್ತು ದಾಟಿದ ನನ್ನ ಕಣ್ಣಿಗೂ ಹಿತವಾಯಿತು.

ಕೀಲಿಗಳನ್ನೂ ಹೀಗೆ ಬದಲಿಸಬಹುದು. ಹಳೆಯ ಗ್ನೋಮಿನಲ್ಲಿ ಒಂದು ಚಮತ್ಕಾರವಿತ್ತು. ಅನುಮತಿ ಕೊಟ್ಟಿದ್ದರೆ, ಮೆನುವಿನ ಒಂದು ಸಾಲಿನ ಮೇಲೆ ಮೌಸ್ ಇಟ್ಟು ಬೇಕಾದ ಕೀಲಿ ಒತ್ತಿದರೆ ಸಾಕು, ಅದೇ ಆ ಕೆಲಸದ ಶಾರ್ಟ್‌ಕಟ್. ಗೊತ್ತಿಲ್ಲದೆ ಒತ್ತಿದವರು ಗಲಿಬಿಲಿಗೊಂಡರೆಂದೋ ಏನೋ, ಮುಂದೆ ಅದು ಹೋಯಿತು. ಮೂರನೆಯ ಆವೃತ್ತಿಯಲ್ಲಿ ಸಿಎಸ್‌ಎಸ್ ಕಡತದಲ್ಲೇ ಕೀಲಿಗಳನ್ನೂ ಬರೆಯಬಹುದಿತ್ತು. 2020ರ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನೂ ತೆಗೆದರು. ಭಾಷೆ ಬದಲಿಸುವ ಕೀಲಿ, ಕಿಟಕಿ ಮುಚ್ಚುವ ಕೀಲಿ ಮುಂತಾದವನ್ನು ಸೆಟ್ಟಿಂಗಿನಲ್ಲಿ ಈಗಲೂ ಬದಲಿಸಿಕೊಳ್ಳಬಹುದು. ನನ್ನ ಎಡಗೈಯ ಕಿರುಬೆರಳು ಮಳೆಗಾಲದಲ್ಲಿ ನೋಯುತ್ತದೆ. ಕನ್ನಡಕ್ಕೂ ಇಂಗ್ಲಿಷಿಗೂ ಹೊರಳುವ ಕೀಲಿಯನ್ನು ಹೆಬ್ಬೆರಳಿಗೆ ಹತ್ತಿರದ್ದಕ್ಕೆ ಮಾಡಿಸಿಕೊಂಡೆ.

ಹೀಗೆ ಎಲ್ಲರೂ ತಮಗೆ ಬೇಕಾದ ಹಾಗೆ ಮಾಡಿಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. 2019ರಲ್ಲಿ ಗ್ನೋಮಿಗೆ ಪ್ರೋಗ್ರಾಮು ಬರೆಯುವ ಕೆಲವರು ಒಂದು ಬಹಿರಂಗ ಪತ್ರ ಬರೆದರು: ವಿತರಕರೇ, ನಮ್ಮ ಪ್ರೋಗ್ರಾಮುಗಳ ವೇಷ ಬದಲಿಸಬೇಡಿ, ಬಣ್ಣ ಹೋಗಿ ಅಕ್ಷರ ಕಾಣದಾಗುತ್ತದೆ, ಬೈಗುಳ ನಮಗೆ ಬರುತ್ತದೆ, ಎಂದು. ಸ್ವಂತ ಯಂತ್ರದಲ್ಲಿ ತಿದ್ದಿಕೊಳ್ಳುವವರ ಮೇಲೆ ಅವರಿಗೆ ತಕರಾರಿರಲಿಲ್ಲ. ಬಾಗಿಲಿಗೆ ಬಣ್ಣ ಬಳಿಯಲು ಹೋಗಿ ಬೀಗದ ಕಿಂಡಿ ಮುಚ್ಚಬಾರದು ಎಂಬುದು ಸರಿಯೇ. ಆದರೆ ಬಾಗಿಲು ನನ್ನ ತಲೆಗೆ ತಾಗುತ್ತದೆ ಎಂದಾಗ, ನೀನು ಬಗ್ಗಿ ನಡೆ ಎನ್ನುವುದು ಎಷ್ಟು ಸರಿ? ನಮ್ಮ ಅಕ್ಕಂದಿರು ಬಗ್ಗಿ ನಡೆದದ್ದು ಸಾಕಷ್ಟಾಗಿದೆ.

ಅಕ್ಕನ ಕಾಲಕ್ಕೂ ನನ್ನ ಕಾಲಕ್ಕೂ ಇರುವ ಅಂತರ ಇಷ್ಟೆ. ಅವಳ ಟೈಪ್‌ರೈಟರಿನ ಕೀಲಿಗಳನ್ನು ಕಬ್ಬಿಣದಲ್ಲಿ ಎರಕ ಹೊಯ್ದಿದ್ದರು. ಈಗಿನದು ಮಾತಿನಲ್ಲಿ ಬರೆದದ್ದು, ಅಳಿಸಿ ಬರೆಯಬಹುದಾದದ್ದು. ಬದಲಿಸಬಹುದೆಂದು ತಿಳಿಯದವರಿಗೆ ಮಾತ್ರ ಅದು ಇನ್ನೂ ಕಬ್ಬಿಣ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಪರದೆಯ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳಿಗೆ ಅಕ್ಷರ ಸಣ್ಣದಾದರೆ ಕನ್ನಡಕ ಬದಲಿಸುವುದೇ ಮೊದಲು ನೆನಪಾಗುತ್ತದೆ, ಸೆಟ್ಟಿಂಗ್ ಬದಲಿಸುವುದು ನೆನಪಾಗುವುದಿಲ್ಲ. ನನ್ನ ಎಂಟನೆಯ ತರಗತಿಯ ಹುಡುಗಿಯರಿಗೆ ನಾನು ಟೈಪಿಂಗ್‌ಗಿಂತ ಮೊದಲು ಕಲಿಸುವುದು ಆ ಸೆಟ್ಟಿಂಗಿನ ಪುಟವನ್ನು ತೆರೆಯುವುದನ್ನು.

ಕನ್ನಡದ ಅಕ್ಷರಗಳಿಗೆ 1991ರಲ್ಲೇ ಯುನಿಕೋಡಿನಲ್ಲಿ ಜಾಗ ಸಿಕ್ಕಿತು. ನಮ್ಮ ಕ ಎಂಬುದಕ್ಕೆ ಅಲ್ಲಿರುವ ಸಂಖ್ಯೆ 3221. ತುಳು-ತಿಗಳಾರಿ ಲಿಪಿ ಆ ಪಟ್ಟಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, ಕನ್ನಡಕ್ಕಿಂತ ಮೂವತ್ತಮೂರು ವರ್ಷ ತಡವಾಗಿ. ಮಟ್ಟುವಿನ ಮನೆಮನೆಯಲ್ಲಿ ಆಡುವ ಮಾತು ತುಳು. ನಾಳೆ ಆ ಲಿಪಿಯಲ್ಲೂ ಯಾರೋ ಗುಂಡಿಗಳನ್ನು ಬರೆಯಲು ಕೂರುತ್ತಾರೆ. ಯಾವ ಕೀಲಿಯಲ್ಲಿ ಯಾವ ಅಕ್ಷರ, ಒತ್ತಿಗೆ ಎಷ್ಟು ಜಾಗ, ಯಾವ ಎರಡು ಪದಗಳನ್ನು ಪಕ್ಕಪಕ್ಕ ಇಡಬಾರದು ಎಂಬುದು ಆಗ ತೀರ್ಮಾನವಾಗುತ್ತದೆ. ಆ ಕೂಟದಲ್ಲಿ ತುಳುವಿನಲ್ಲೇ ಕನಸು ಕಾಣುವ ಒಬ್ಬ ಹುಡುಗಿಯಾದರೂ ಇರಬೇಕು. ಅವಳು ಈಗ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕೂತಿರಬಹುದು.